ಸೋಸಿದ ನೀರಿನ ಕಾರು

ನಾನು ಯಾರ ಕಾರಿನಲ್ಲಿ ಕೂತರೂ, ಅದು ಬಲಕ್ಕೆ ತಿರುಗಿದ ಕೂಡಲೇ ನನ್ನ ಎಡಗೈ ಹೋಗಿ ಬಾಗಿಲನ್ನು ಹಿಡಿದುಕೊಳ್ಳುತ್ತದೆ. ಹಿಡಿಯಬೇಕೆಂದು ನಾನು ಹಿಡಿಯುವುದಲ್ಲ, ಕೈಯೇ ಹೋಗುತ್ತದೆ. ಮೊನ್ನೆ ವರದಹಳ್ಳಿಯ ರಸ್ತೆಯಲ್ಲಿ ಮೊಮ್ಮಗಳು ಇದನ್ನು ಗಮನಿಸಿ, "ಅಜ್ಜಿ, ಬಾಗ್ಲು ಲಾಕ್ ಆಗಿದೆ, ನೀವೇನು ಬೀಳಲ್ಲ" ಎಂದು ನಕ್ಕಳು. ಲಾಕ್ ಆಗಿದೆಯೆಂದು ನನಗೂ ಗೊತ್ತು. ಕೈಗೆ ಗೊತ್ತಿಲ್ಲ, ಅಷ್ಟೆ. ಅದು ಪಾಠ ಕಲಿತ ಕಾರು ಬೇರೆ. ಆ ಕಾರಿನ ಬಾಗಿಲಿಗೆ ಇದ್ದದ್ದು ನಮ್ಮ ಅಡಿಗೆಮನೆಯ ಕಿಟಕಿಯಿಂದ ಬಿಚ್ಚಿದ ಚಿಲಕ. ಕಾರು ಬಲಕ್ಕೆ ತಿರುಗಿದರೆ ಬಾಗಿಲು ತಾನಾಗಿ ತೆರೆದುಕೊಂಡು, ಪಕ್ಕದಲ್ಲಿ ಕೂತವರಿಗೆ ಸಾಗರದ ಚರಂಡಿಗಳ ದರ್ಶನ ಮಾಡಿಸುತ್ತಿತ್ತು.

ಆ ಕಾರನ್ನು ನಮ್ಮವರು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೈಯಾರೆ ಕಟ್ಟಿದ್ದರು. ನಮ್ಮವರು ಎಂದರೆ ನನ್ನ ಗಂಡ ಧರಣೇಂದ್ರಯ್ಯ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮಗಿರಲಿಲ್ಲ. ಬರೆಯಬಾರದೆಂದು ಯಾರೂ ಹೇಳಿಲ್ಲವಾದ್ದರಿಂದ ಒಂದು ಸಲ ಬರೆದುಬಿಟ್ಟಿದ್ದೇನೆ, ಇನ್ನು ಬರೆಯುವುದಿಲ್ಲ.

ನನ್ನ ತವರು ತೀರ್ಥಹಳ್ಳಿ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಕಳೆದಿತ್ತು, ನನಗೆ ಗಂಡು ನೋಡುತ್ತಿದ್ದರು. ಸಂಬಂಧ ತಂದವರು ನನ್ನ ಅಪ್ಪನ ಹತ್ತಿರ, "ಸಾಗರದ ಜೈನರ ಮನೆ, ಸ್ವಂತ ಜವಳಿ ಅಂಗಡಿ, ಒಬ್ಬನೇ ಮಗ" ಎಂದೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, "ಮನೇಲಿ ಕಾರಿದೆ" ಎಂದರು. ಅಪ್ಪ ಅಲ್ಲಿಗೇ ಬಿದ್ದುಹೋದರು. ತೀರ್ಥಹಳ್ಳಿಯ ಪೇಟೆಯಲ್ಲಿ ಅಳಿಯನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಕಾರಿನ ಸುದ್ದಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಮದುವೆಯ ದಿಬ್ಬಣ ಬಸ್ಸಿನಲ್ಲಿ ಬಂದಿಳಿದಾಗ ಅಪ್ಪ ಪೆಚ್ಚಾಗಲಿಲ್ಲ. "ಒಂದು ಕಾರಲ್ಲಿ ಇಷ್ಟು ಜನ ಹಿಡಿಸ್ತಾರಾ?" ಎಂದು ಹೇಳಿ, ಕಾರೆಲ್ಲಿ ಎಂದವರ ಬಾಯಿ ಮುಚ್ಚಿಸಿದರು.

ಸಾಗರಕ್ಕೆ ಬಂದ ಮಾರನೇ ದಿನ ನಮ್ಮವರು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, "ನೋಡು, ಕಾರು" ಎಂದರು. ನಾನು ನೋಡಿದೆ. ಗೋಡೆಯ ಗೂಟಗಳಲ್ಲಿ ಚಕ್ರಗಳು ನೇತಾಡುತ್ತಿದ್ದವು. ಹುಲ್ಲು ಹಾಕುವ ಗೋದಲಿಯಲ್ಲಿ ಎಂಜಿನ್ ಮಲಗಿತ್ತು. ಒಂದು ಮೊರದಲ್ಲಿ ನಟ್ಟು, ಇನ್ನೊಂದು ಮೊರದಲ್ಲಿ ಬೋಲ್ಟು ಹರಡಿತ್ತು. ಮನೆಯಲ್ಲಿ ಕಾರಿದೆ ಎಂದದ್ದು ಸುಳ್ಳಾಗಿರಲಿಲ್ಲ. ಮನೆಯ ತುಂಬ ಇತ್ತು.

ಆ ಮಧ್ಯಾಹ್ನ ನಾನು ಅತ್ತೆಯ ಎದುರು ಕೂತು ಅತ್ತೆ. ಅವರು ನನ್ನ ತಲೆ ನೇವರಿಸಿ, "ಅಳ್ಬೇಡ ಮಗಾ. ಬಿಚ್ಚಿದ್ದನ್ನೆಲ್ಲ ಅವ್ನು ಒಂದಲ್ಲ ಒಂದಿನ ತಿರುಗಿ ಕಟ್ತಾನೆ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಗಡಿಯಾರ ಒಂದನ್ನ ಕಟ್ಲಿಲ್ಲ" ಎಂದೂ ಸೇರಿಸಿದರು. ಸುಳ್ಳು ಹೇಳಿ ಸಮಾಧಾನ ಮಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಕಾರಿನ ಕಥೆ ಹೀಗೆ. ಜೋಗದ ವಿದ್ಯುತ್ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ತಮ್ಮ ಹಳೆಯ ಪುಟ್ಟ ಇಂಗ್ಲಿಷ್ ಕಾರನ್ನು ತಾಳಗುಪ್ಪದ ರೈಲು ನಿಲ್ದಾಣದ ಹತ್ತಿರ ಮರವೊಂದರ ಕೆಳಗೆ ಬಿಟ್ಟುಹೋಗಿದ್ದರು. ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ನಮ್ಮವರು ಕೇಳಿ ಪಡೆದು, ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದರು. ಅದೇ ಸುಮಾರಿಗೆ ಅಂಗಡಿಗೆ ಬಂದ ಬಟ್ಟೆಯ ದೊಡ್ಡ ಕಟ್ಟು, ಬೇಲು, ಅದರೊಳಗೆ ಯಾವುದೋ ವಿಲಾಯತಿ ಪತ್ರಿಕೆಯ ಹಾಳೆ ಸಿಕ್ಕಿತು. ಅದರಲ್ಲಿ ಒಂದು ರೇಸಿನ ಕಾರಿನ ಚಿತ್ರ. ನೆಲಕ್ಕೆ ಅಂಟಿದಂಥ ಮೈ, ಉದ್ದನೆ ಮೂಗು, ಮೇಲೆ ಮಾಡು, ಅಂದರೆ ಸೂರು, ಇಲ್ಲ, ಇಬ್ಬರಿಗೆ ಮಾತ್ರ ಜಾಗ, ಕನ್ನಡಕ ಹಾಕಿದ ದೊರೆಯೊಬ್ಬ ಬಾಗಿಲ ಮೇಲೆ ತೋಳು ಚಾಚಿ ಕೂತಿದ್ದಾನೆ. ನಮ್ಮವರ ನಿದ್ದೆ ಅವತ್ತೇ ಹಾರಿತು. ಹಳೇ ಕಾರಿನ ಎಲುಬಿನ ಮೇಲೆ ಈ ಕಾರಿನ ಮೈಯನ್ನು ತದ್ರೂಪು ಕೂರಿಸಬೇಕೆಂದು ಹಟ ಹಿಡಿದರು.

ನಕ್ಷೆಯಿಲ್ಲ, ಅಳತೆಯಿಲ್ಲ. ಆದರೆ ಜವಳಿ ಅಂಗಡಿಯವರಿಗೆ ಅಳತೆ ಹೇಳಿಕೊಡಬೇಕೇ? ದೊರೆಯ ಮೊಳಕೈಯಿಂದ ಬೆರಳ ತುದಿಯವರೆಗೆ ದಾರ ಹಿಡಿದರು. ಅದು ಒಂದು ಮೊಳ. ಅದೇ ದಾರದಿಂದ ಇಡೀ ಕಾರನ್ನು ಅಳೆದು, ಉದ್ದ ಇಷ್ಟು ಮೊಳ, ಎತ್ತರ ಇಷ್ಟು ಮೊಳ ಒಂದು ಗೇಣು ಎಂದು ಲೆಕ್ಕ ಹಾಕಿದರು. ಕೊಟ್ಟಿಗೆಗೆ ಬಂದು ಅಷ್ಟೇ ಮೊಳ ಹಾಕಿದರು, ತಮ್ಮ ಕೈಯಿಂದ. ಆ ದೊರೆ ಆರಡಿಯ ಆಳಿದ್ದಿರಬೇಕು. ನಮ್ಮವರು ಅಂಗಡಿಯ ಮೇಜಿನ ಹಿಂದೆ ನಿಂತರೆ ಗಿರಾಕಿಗಳಿಗೆ ಟೋಪಿ ಮಾತ್ರ ಕಾಣುತ್ತಿತ್ತು. ಕಾರು ಎಲ್ಲ ರೀತಿಯಲ್ಲೂ ಚಿತ್ರದ ಹಾಗೆಯೇ ಆಯಿತು, ಮುಕ್ಕಾಲು ಪಾಲು ಗಾತ್ರದಲ್ಲಿ.

ಚಿತ್ರ ಒಂದೇ ಪಕ್ಕದ್ದು. ಆ ಪಕ್ಕದಲ್ಲಿ ಹೊಗೆಕೊಳವೆ ಕಾಣುತ್ತಿತ್ತು. ಕಾಣದ ಪಕ್ಕದಲ್ಲೂ ಇರಲೇಬೇಕೆಂದು ತೀರ್ಮಾನಿಸಿ ನಮ್ಮವರು ಎರಡು ಕೊಳವೆ ಹಾಕಿದರು. ಒಂದರಲ್ಲಿ ಹೊಗೆ ಬರುತ್ತಿತ್ತು, ಇನ್ನೊಂದರಲ್ಲಿ ಹಲ್ಲಿ ಬರುತ್ತಿತ್ತು. ಮರದ ಚೌಕಟ್ಟನ್ನು ಮಾಡಿದವರು ಅವರ ಸ್ನೇಹಿತ, ಗುಡಿಗಾರರ ಪರಮೇಶಿ. ಗಂಧದ ಮರದಲ್ಲಿ ದೇವರ ಮಂಟಪ ಕೆತ್ತುವ ಕೈ ಅದು, ಜಂಬಕ್ಕೂ ಕಡಿಮೆಯಿರಲಿಲ್ಲ. "ಬಳ್ಳಿ ಇಲ್ದೆ ನಾನು ಮರ ಮುಟ್ಟಿದ್ದೇ ಇಲ್ಲ ಮಾರಾಯ" ಎಂದು ಸಿಟ್ಟು ಮಾಡಿಕೊಂಡು ಒಂದು ವಾರ ಬರಲೇ ಇಲ್ಲ. ಕೊನೆಗೆ ಸ್ಟಿಯರಿಂಗಿನ ಮುಂದಿನ ಹಲಗೆಯನ್ನು ಅವರಿಗೆ ಬಿಟ್ಟುಕೊಡಬೇಕಾಯಿತು. ಹೀಗಾಗಿ ನಮ್ಮ ರೇಸಿನ ಕಾರಿನಲ್ಲಿ ಶಿವನೆ ಮರದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು.

ನಗಬೇಡಿ. ಮೈಯನ್ನು ಮಾಡುವಾಗ ನಮ್ಮವರನ್ನು ನೀವು ನೋಡಬೇಕಿತ್ತು. ಅಂಗಡಿಯಲ್ಲಿ ಕತ್ತರಿ ಹಿಡಿದರೆ ಬಟ್ಟೆ ಸೊಟ್ಟಗಾಗುತ್ತಿತ್ತು, ಅದಕ್ಕೇ ದಿನವೂ ಮಾವನ ಹತ್ತಿರ ಬೈಸಿಕೊಳ್ಳುತ್ತಿದ್ದರು. ಅದೇ ಕೈ ತಗಡಿನ ಮೇಲೆ ಬಂದರೆ ಬೇರೆಯೇ ಆಗುತ್ತಿತ್ತು. ಗೋಣಿಚೀಲದಲ್ಲಿ ಹೊಟ್ಟು ತುಂಬಿ, ಅದರ ಮೇಲೆ ತಗಡಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಿದ್ದರು. ತಟ್ಟಿ ತಟ್ಟಿ ನಿಲ್ಲಿಸಿ, ಕಣ್ಣು ಮುಚ್ಚಿ ಅಂಗೈ ಆಡಿಸುತ್ತಿದ್ದರು. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಕ್ಕಿದರೆ ಮುಖ ಅರಳುತ್ತಿತ್ತು. ಚಕ್ರದ ಮೇಲಿನ ಒಂದು ರೆಕ್ಕೆಯನ್ನು ಮುಗಿಸಿ, ಅದು ಎಳ್ಳಷ್ಟು ಸರಿಯಿಲ್ಲವೆಂದು ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ ಶುರುಮಾಡಿದ್ದನ್ನು ನಾನೇ ಕಂಡಿದ್ದೇನೆ. ಯಾರೂ ಕೇಳಿರಲಿಲ್ಲ, ಯಾರೂ ಗಮನಿಸುತ್ತಲೂ ಇರಲಿಲ್ಲ. ನಾನು ಕೈಯಲ್ಲಿ ಸೌಟು ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಗಂಡನ ಮೇಲೆ ಪ್ರೀತಿ ಹುಟ್ಟಿದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ, ಕೊಟ್ಟಿಗೆಯಲ್ಲಿ ಎನ್ನುತ್ತೇನೆ.

ಅತ್ತೆ ಬಹಳ ನೇಮದವರು. ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ಒಂದು ಗುಟುಕು ನೀರೂ ಮುಟ್ಟುತ್ತಿರಲಿಲ್ಲ. ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸದೆ ಕುಡಿಯುತ್ತಿರಲಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಝಾಡಿಸಿ ಎಸೆಯುವ ಹಾಗಿಲ್ಲ. ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು, ಯಾವ ಬಾವಿಯಿಂದ ನೀರು ತಂದೆವೋ ಅದೇ ಬಾವಿಗೆ ಬಿಡಬೇಕು. ಇಂಥವರ ಮನೆಯಲ್ಲಿ ರೇಸಿನ ಕಾರು ಹುಟ್ಟಿದರೆ ಅದೂ ನೇಮ ಪಾಲಿಸಬೇಕಲ್ಲ? ಚಿತ್ರದಲ್ಲಿ ಸೀಟು ಚರ್ಮದ್ದು. ಅತ್ತೆ, "ಚರ್ಮದ ಮೇಲೆ ನಾನು ಕೂರಲ್ಲ" ಎಂದರು. ಅಂಗಡಿಯ ಹಾಸಿಗೆ ಬಟ್ಟೆಯಲ್ಲಿ ಬೂರುಗದ ಹತ್ತಿ ತುಂಬಿ ನಾನು ಸೀಟು ಹೊಲಿದೆ. ಎಂಜಿನ್ನಿನ ಮುಚ್ಚಳಕ್ಕೆ ಬಿಗಿಯುವ ಚರ್ಮದ ಪಟ್ಟಿಯ ಬದಲು ಮಂಚದ ನವಾರು ಬಂತು. ಚಿತ್ರ ಕಪ್ಪು ಬಿಳುಪಾದ್ದರಿಂದ ಬಣ್ಣ ಯಾವುದೆಂದು ಗೊತ್ತಿರಲಿಲ್ಲ. ನಮ್ಮವರು ಅಂಗಡಿಯಿಂದ ಬಟ್ಟೆಯ ತುಂಡುಗಳನ್ನು ತಂದು ಕಾರಿನ ಮೇಲೆ ಹರಡಿ, ಬದನೆಕಾಯಿ ಬಣ್ಣವನ್ನು ಎತ್ತಿ ಹಿಡಿದರು. ಅತ್ತೆ ಬದನೆಕಾಯಿ ಬಿಟ್ಟವರು. "ತಿನ್ನದ ಕಾಯಿ ಮೇಲೆ ಕೂತ್ಕೊಂಡು ದೇವಸ್ಥಾನಕ್ಕೆ ಹೋಗೋದಾ?" ಎಂದರು. ಕಾರು ಹಸಿರಾಯಿತು. ಕೊನೆಯ ಕಟ್ಟಳೆ ನೀರಿನದು. ಎಂಜಿನ್ ತಣ್ಣಗಿರಲು ಮುಂದಿನ ರೇಡಿಯೇಟರಿಗೆ ನೀರು ಹೊಯ್ಯಬೇಕು, ಅದು ಒಳಗೆ ಕಾಯುತ್ತದೆ ಎಂದು ತಿಳಿದ ದಿನ ಅತ್ತೆ ಬಟ್ಟೆ ಹಿಡಿದು ಬಂದರು. "ಸೋಸ್ದೇ ಹಾಕಿದ್ರೆ ಒಳಗಿರೋವೆಲ್ಲ ಬೆಂದು ಹೋಗ್ತವೆ" ಎಂದರು. ಅಂದಿನಿಂದ ನಮ್ಮ ಕಾರು ಸೋಸಿದ ನೀರನ್ನೇ ಕುಡಿಯಿತು.

ಈಗ ಮಾವನವರ ವಿಷಯ. ಅವರು ಆರಡಿಯ ಆಜಾನುಬಾಹು. ಕಾರು ಮೊದಲ ಸಲ ಗುಡುಗಿ ಹೊರಬಂದ ದಿನ, ಮರ್ಯಾದೆಗೆ ಅವರನ್ನೇ ಮೊದಲು ಕೂರಿಸಿದರು. ಮಂಡಿ ಗಲ್ಲಕ್ಕೆ ಬಂತು. ಇಳಿಯಲು ಇಬ್ಬರು ಎಳೆಯಬೇಕಾಯಿತು, ಬೀದಿಯವರೆಲ್ಲ ನೋಡಿದರು. ಎದ್ದು ನಿಂತವರೇ, "ಇದು ಕಾರಲ್ಲ, ತೊಟ್ಲು. ಕೊಟ್ಟಿಗೆ ಖಾಲಿ ಮಾಡು, ಬೇಲು ಇಡಕ್ಕೆ ಬೇಕು" ಎಂದರು.

ನಮ್ಮವರ ಮುಖ ಬಾಡಿತು. ಎರಡು ಮಳೆಗಾಲದ ಕೆಲಸ ಅದು. ಆಗ ಅತ್ತೆ ಬಾಯಿ ಹಾಕಿದರು, "ಖಾಲಿ ಮಾಡೋ ಮುಂಚೆ ನಾನು ಒಂದ್ಸಲ ಹೊಂಬುಜಕ್ಕೆ ಹೋಗ್ಬರ್ತೀನಿ."

ಅದಕ್ಕೂ ಒಂದು ಕಾರಣವಿತ್ತು. ನಮ್ಮವರಿಗೆ ಏಳನೇ ವಯಸ್ಸಿನಲ್ಲಿ ವಿಷಮಶೀತ ಜ್ವರ ಬಂದಾಗ ಅತ್ತೆ ಹೊಂಬುಜದ ಪದ್ಮಾವತಮ್ಮನಿಗೆ ಹರಕೆ ಹೊತ್ತು, ದರ್ಶನವಾಗುವವರೆಗೆ ಬೆಲ್ಲ ಬಿಟ್ಟಿದ್ದರು. ಮಗ ದೊಡ್ಡವನಾಗಿ ಮದುವೆಯಾದರೂ ಹರಕೆ ತೀರಿರಲಿಲ್ಲ. ಬಸ್ಸು ಹತ್ತಿದರೆ ಆ ವಾಸನೆಗೆ ಊರು ದಾಟುವ ಮೊದಲೇ ವಾಂತಿ. ಎತ್ತಿನ ಗಾಡಿಯಲ್ಲಿ ಹೋಗೋಣವೆಂದರೆ ಮಾವನವರಿಗೆ ಅಂಗಡಿ ಮುಚ್ಚಲು ಮನಸ್ಸಿಲ್ಲ. ಮೇಲೆ ತೆರೆದ ಕಾರಿನಲ್ಲಾದರೆ ಗಾಳಿಗೆ ಮುಖವೊಡ್ಡಿ ಆರಾಮವಾಗಿ ಕೂರಬಹುದೆಂದು ಅವರ ಲೆಕ್ಕ.

ಮಾವನವರು ಹೆಂಡತಿಯನ್ನೂ ಕಾರನ್ನೂ ಒಂದೊಂದು ಸಲ ನೋಡಿ ಮಗನಿಗೆ ಹೇಳಿದರು, "ಸರಿ. ನಿಮ್ಮಮ್ಮನ್ನ ಹೊಂಬುಜಕ್ಕೆ ಊಟದ ಹೊತ್ತಿಗೆ ಮುಟ್ಸು. ಮುಟ್ಸಿದ್ರೆ ಕಾರು ಕೊಟ್ಟಿಗೇಲೇ ಇರ್ಲಿ. ಇಲ್ದಿದ್ರೆ ಬಿಚ್ಚು." ನಮ್ಮ ಮನೆಯಲ್ಲಿ ಊಟದ ಹೊತ್ತು ಎಂದರೆ ಹೊತ್ತು ಮುಳುಗುವ ಮೊದಲು.

ದೀಪಾವಳಿ ಕಳೆದು ಹಗಲು ಚಿಕ್ಕದಾಗಿದ್ದ ಕಾಲ. ಸೂರ್ಯ ಹುಟ್ಟುತ್ತಲೇ ಹೊರಟೆವು. ರಾತ್ರಿ ಅಲ್ಲೇ ತಂಗಿ ಮರುದಿನ ಮರಳುವುದೆಂದು ಮಾತಾಗಿತ್ತು. ಅತ್ತೆ ಮುಂದಿನ ಸೀಟಿನಲ್ಲಿ, ದರ್ಶನವಾಗುವವರೆಗೆ ಉಪವಾಸ, ಮಡಿಲಲ್ಲಿ ಮನೆಯ ಬಾವಿಯ ಸೋಸಿದ ನೀರಿನ ತಾಮ್ರದ ಚೊಂಬು. ನೀರು ಮಾತ್ರ ಕುಡಿಯಬಹುದಿತ್ತು. ನಾನು ಹಿಂದೆ, ಸಾಮಾನು ಇಡಲೆಂದು ನಮ್ಮವರು ಸ್ವಂತ ಬುದ್ಧಿಯಿಂದ ಕೊರೆದ ಗುಂಡಿಯಲ್ಲಿ, ಬುತ್ತಿಯ ಜೊತೆಗೆ ಇನ್ನೊಂದು ಗಂಟಿನ ಹಾಗೆ ಕೂತಿದ್ದೆ.

ಹೊಸನಗರದವರೆಗೆ ಕಾರು ರಾಜಕುಮಾರನಂತೆ ಓಡಿತು. ಗುಡ್ಡ ಬಂದರೆ ಏರಿತು, ತಿರುವು ಬಂದರೆ ಒರಗಿತು. ಗಾಳಿಗೆ ಅತ್ತೆಯ ಸೆರಗು ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು, ಅವರು ಹುಡುಗಿಯಂತೆ ನಗುತ್ತಿದ್ದರು. ಹೊಸನಗರದಲ್ಲಿ ಟೈರು ಪಂಕ್ಚರಾಗಿ ಮಧ್ಯಾಹ್ನ ಅಲ್ಲೇ ಕರಗಿತು. ಸುತ್ತ ಸೇರಿದವರಲ್ಲಿ ಒಬ್ಬ ಹವ್ಯಕ ಯಜಮಾನರು ಜೊತೆಯವರಿಗೆ, "ನೋಡಾ, ಕಾರಿದ್ದು, ಮಾಡೇ ಇಲ್ಲೆ" ಎಂದು ಸೂರಿಲ್ಲದ ಕಾರಿಗಾಗಿ ಮರುಗಿದರು.

ಅಲ್ಲಿಂದ ಮುಂದೆ ಒಂದು ಹಳ್ಳದ ಹತ್ತಿರ ರೇಡಿಯೇಟರು ಕುದಿಯಿತು. ಸ್ವಲ್ಪ ಆರಿದ ಮೇಲೆ ಅತ್ತೆ ಬಟ್ಟೆ ಹಿಡಿದರು, ನಾನು ಹಳ್ಳದ ನೀರು ಹೊಯ್ದೆ. ತುಂಬಿದ್ದೇ ತಡ, ನಮ್ಮವರು ಅವಸರದಿಂದ ನಮ್ಮನ್ನು ಹತ್ತಿಸಿ ಕಾರು ಬಿಟ್ಟರು. ಬಹಳ ದೂರ ಬಂದ ಮೇಲೆ ಅತ್ತೆ, "ಅಯ್ಯೋ ಧರಣ!" ಎಂದು ಕೂಗಿದರು. ಹಸಿ ಬಟ್ಟೆ ಅವರ ಕೈಯಲ್ಲೇ ಇತ್ತು. "ಇದ್ರಲ್ಲಿರೋವನ್ನ ಹಳ್ಳಕ್ಕೆ ಬಿಡ್ಲೇ ಇಲ್ಲ. ತಿರುಗ್ಸು."

"ನಾನು ಓಡಿ ಹೋಗಿ ಬಿಟ್ಟು ಬರ್ತೀನಿ ಅತ್ತೆ" ಎಂದೆ.

"ನೀನು ಹೋಗೋದ್ರೊಳಗೆ ಬಟ್ಟೆ ಒಣಗತ್ತೆ ಮಗಾ."

ತಿರುಗಿಸುವುದು ಸುಲಭವಲ್ಲ. ಆ ಕಾರಿಗೆ ಹಿಂದೆ ಹೋಗುವ ವಿದ್ಯೆ ಗೊತ್ತಿರಲಿಲ್ಲ. ಆ ಗೇರಿನ ಹಲ್ಲುಗಳು ತಾಳಗುಪ್ಪಕ್ಕೆ ಬರುವ ಮೊದಲೇ ಉದುರಿದ್ದವು. ರಸ್ತೆಯೋ ಗಾಡಿ ಅಗಲ. ನಮ್ಮವರು ಸೂರ್ಯನನ್ನು ನೋಡಿದರು. ಆ ಹೊತ್ತಿಗೆ ಮುಂದೆ ಹೋದರೆ ಕಾರು ಉಳಿಯುತ್ತದೆ, ತಿರುಗಿದರೆ ಉಳಿಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಅವರು ತಾಯಿಯ ಕೈಯಲ್ಲಿದ್ದ ಬಟ್ಟೆಯನ್ನು ನೋಡಿ, "ಆಯ್ತಮ್ಮ" ಎಂದು ಇಳಿದರು. ಗೊಣಗಲಿಲ್ಲ, ಮುಖ ಗಂಟಿಕ್ಕಲಿಲ್ಲ. ನಾವಿಬ್ಬರೂ ಸೇರಿ ಕಾರಿನ ಹಿಂಭಾಗವನ್ನು ಎತ್ತಿ ಎತ್ತಿ ಸರಿಸಿ ತಿರುಗಿಸಿದೆವು. ಹಳ್ಳಕ್ಕೆ ಹೋಗಿ, ಬಟ್ಟೆ ಜಾಲಿಸಿ, ಮತ್ತೆ ಎತ್ತಿ ತಿರುಗಿಸಿ ಹೊರಟೆವು. ಅವತ್ತು ನನಗೆ ಅವರ ಮೇಲೆ ಬಂದ ಗೌರವ ಇವತ್ತಿಗೂ ಇಳಿದಿಲ್ಲ.

ಹೊಂಬುಜ ಇನ್ನೇನು ಎರಡು ಗುಡ್ಡದಾಚೆ ಎನ್ನುವಾಗ, ಏರಿನ ಮಧ್ಯೆ ಕಾರು ಮತ್ತೆ ಕುದಿದು ನಿಂತಿತು. ಸುತ್ತ ಹಳ್ಳವಿಲ್ಲ, ಬಾವಿಯಿಲ್ಲ, ಮನೆಯಿಲ್ಲ. ಸೂರ್ಯ ಮರದ ತುದಿಗೆ ಇಳಿದಿದ್ದ. ಊಟದ ಹೊತ್ತಿಗೆ ಮುಟ್ಟುವುದಿಲ್ಲವೆಂಬುದು ಖಚಿತವಾಯಿತು. ಇನ್ನುಳಿದದ್ದು ಅತ್ತೆಯ ಚೊಂಬಿನ ನೀರು. ಅದನ್ನು ಈಗ ಕುಡಿಯದಿದ್ದರೆ ನಾಳೆ ಸೂರ್ಯ ಹುಟ್ಟುವವರೆಗೆ ಅವರಿಗೆ ಹನಿ ನೀರಿಲ್ಲ. ಬೆಳಗಿನಿಂದ ಹೊಟ್ಟೆಯಲ್ಲಿ ಅನ್ನವೂ ಇರಲಿಲ್ಲ.

ನಮ್ಮವರು ಹೇಳಿದರು, "ಅಮ್ಮ, ಹೊತ್ತು ಮುಳುಗತ್ತೆ, ನೀರು ಕುಡಿ. ಕಾರು ಇಲ್ಲೇ ಬಿಟ್ಟು ನಡ್ಕೊಂಡು ಹೋಗೋಣ. ಅಪ್ಪ ಹೇಳಿದ ಹಾಗೆ ಬಿಚ್ಚಿ ಹಾಕ್ತೀನಿ." ಮುಖ ತಿರುಗಿಸಿಕೊಂಡು ಎಂಜಿನ್ ಮುಚ್ಚಳದ ನವಾರಿನ ಗಂಟು ಬಿಚ್ಚತೊಡಗಿದರು.

ಅತ್ತೆ ಚೊಂಬು ಹಿಡಿದು ಕೆಳಗಿಳಿದರು. ಕಾರಿನ ಮುಂದೆ ಬಂದು ಅದು ಬುಸುಗುಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಎಷ್ಟು ಬೇಕು ಇದಕ್ಕೆ?" ಎಂದು ಕೇಳಿದರು.

"ಅಷ್ಟೂ ಬೇಕಾಗತ್ತೆ. ಬೇಡಮ್ಮ."

"ಹಿಂದೆ ಹೋಗಕ್ಕೆ ಗೊತ್ತಿಲ್ದಿದ್ರೂ ನನ್ನ ಮಾತಿಗೆ ಹಿಂದೆ ಬಂತಲ್ಲ ಇದು. ಕುಡೀಲಿ" ಎಂದರು. ಎಂಜಿನ್ ಆರುವವರೆಗೆ ಕಾದರು. ಸೂರ್ಯ ಮರದ ಮರೆಗೆ ಸರಿಯುತ್ತಿದ್ದ. ನಾನು ಚೊಂಬನ್ನೂ ಅವರ ಒಣಗಿದ ತುಟಿಯನ್ನೂ ನೋಡುತ್ತಿದ್ದೆ. ಅತ್ತೆ ಬಗ್ಗಿ, ಮಗುವಿಗೆ ಕುಡಿಸುವಷ್ಟು ನಿಧಾನವಾಗಿ, ಒಂದು ಹನಿಯೂ ಚೆಲ್ಲದಂತೆ ಇಡೀ ಚೊಂಬನ್ನು ರೇಡಿಯೇಟರಿಗೆ ಹೊಯ್ದರು. ಕಾರು ಏರು ಹತ್ತಿತು.

ಹೊಂಬುಜ ಮುಟ್ಟಿದಾಗ ಸೂರ್ಯ ಮುಳುಗಿ ಸಂಜೆಯ ಪೂಜೆಯ ಗಂಟೆಯಾಗುತ್ತಿತ್ತು. ಅತ್ತೆ ದರ್ಶನ ಮಾಡಿ ಕಣ್ಣೀರು ಹಾಕಿದರು. ಹತ್ತಿರವಿದ್ದವರೊಬ್ಬರು, "ಇನ್ನೂ ಬೆಳಕಿದೆ ಅಮ್ಮ, ಒಂದು ಗುಟುಕು ಕುಡೀರಿ" ಎಂದರೆ ನಕ್ಕು ಬೇಡವೆಂದು ತಲೆಯಾಡಿಸಿದರು. ಮರುದಿನ ಬಿಸಿಲು ಅಂಗಳಕ್ಕೆ ಬಂದ ಮೇಲೆ ನೀರು ಕುಡಿದು, ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಚೀಪಿದರು. ಆಮೇಲೆ ಹೊಟ್ಟೆ ತುಂಬ ಊಟ ಮಾಡಿದರು.

ಮರಳುವ ದಾರಿಯಲ್ಲಿ ನಮ್ಮವರು ರಸ್ತೆಯನ್ನೇ ನೋಡುತ್ತ ಕಾರು ಬಿಟ್ಟರು. ಸೋತಿದ್ದರು. ಅಪ್ಪನಿಗೆ ಸುಳ್ಳು ಹೇಳುವ ಜನವೂ ಅಲ್ಲ. ಕಾರು ಅಂಗಡಿಯ ಮುಂದೆ ನಿಂತಾಗ ಮಾವನವರು ಗಜಕಡ್ಡಿ ಕೈಯಲ್ಲೇ ಹಿಡಿದು ಹೊರಬಂದರು.

"ಏನು? ಊಟದ ಹೊತ್ತಿಗೆ ಮುಟ್ಸಿದ್ನಾ?"

ನಮ್ಮವರು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಕಾರಿನ ಬಾಗಿಲಿಗಿದ್ದ ಆ ಕಿಟಕಿಯ ಚಿಲಕ ಸರಿಸಿ ಇಳಿದು, ಸೆರಗು ಸರಿಮಾಡಿಕೊಂಡು, ಗಂಡನ ಮುಖವನ್ನು ನೇರವಾಗಿ ನೋಡಿ ಹೇಳಿದರು:

"ಊಟದ ಹೊತ್ತಿಗೆ ಸರಿಯಾಗಿ ಮುಟ್ಸಿದ. ದರ್ಶನ ಆಯ್ತು, ಬೆಲ್ಲ ತಿಂದೆ, ಊಟ ಮಾಡ್ದೆ."

ಅಷ್ಟು ಹೇಳಿ ಒಳಗೆ ನಡೆದರು. ನಮ್ಮವರು ಸ್ಟಿಯರಿಂಗ್ ಹಿಡಿದ ಕೈಯನ್ನು ತೆಗೆಯಲಿಲ್ಲ. ನಾನು ಗುಂಡಿಯಿಂದ ಇಳಿಯುವುದನ್ನೇ ಮರೆತೆ. ಮಾವನವರು ಕಾರಿನ ಸುತ್ತ ಒಂದು ಸುತ್ತು ಬಂದು, ಕೊಟ್ಟಿಗೆಯ ಕಡೆ ನೋಡಿ, "ಆ ಬಾಗ್ಲು ಸಣ್ಣದಾಯ್ತು, ಅಗಲ ಮಾಡ್ಸು" ಎಂದರು.

ಯಾವ ದಿನದ ಊಟ ಎಂದು ಅವರು ಕೇಳಲಿಲ್ಲ.